ಗೂಟದ ಕಾರು ಬರುವವರೆಗೆ

ಏಪ್ರಿಲ್ 12

ಬೆಳಿಗ್ಗೆಯಿಂದ ಎಡಗಣ್ಣು ಅದುರ್ತಾ ಇದೆ. ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೇದು ಅಂತಾರೆ. ನನಗೆ ಯಾವ ಕಣ್ಣು ಅದುರಿದರೂ ಒಳ್ಳೇದಾಗಿದ್ದು ನೆನಪಿಲ್ಲ. ಯಾರ ಹತ್ತಿರ ಹೇಳಿದರೂ "ಶುರು ಮಾಡಿದ್ಲಪ್ಪಾ ಪುಷ್ಪಾ" ಅಂತಾರೆ. ಶಿವಮೊಗ್ಗದಲ್ಲಿರೋ ಮಗಳು ಮೈತ್ರಿ ಅಂತೂ ಫೋನಲ್ಲಿ, "ಅಮ್ಮ, ನಿನ್ನ ಚಿಂತೇನೆಲ್ಲ ಬರೆದಿಡು, ನನ್ನ ಕಿವಿಗೆ ಸ್ವಲ್ಪ ರಜಾ ಕೊಡು" ಅಂದಳು. ತಮಾಷೆಗೆ ಅಂದಿದ್ದು. ನಾನು ನಿಜವಾಗಿ ಬರೆಯಕ್ಕೆ ಕೂತೆ. ಏಳನೇ ಕ್ಲಾಸಿಗೆ ಬಿಡಿಸಿದ ಮೇಲೆ, ಫಾಲ್ಸ್ ಹಾಕಕ್ಕೆ ಬಂದ ಸೀರೆಗಳ ಮೇಲೆ ಗಿರಾಕಿ ಹೆಸರು ಬರೆದಿದ್ದು ಬಿಟ್ಟರೆ ಕೈಗೆ ಪೆನ್ನು ಬಂದಿದ್ದು ಇವತ್ತೇ.

ಎಲೆಕ್ಷನ್ ಡೇಟ್ ಬಂದಿದೆ. ಇವರು ಬೆಳಕು ಹರಿಯೋದರೊಳಗೆ ಲಗೇಜ್ ಆಟೋಗೆ ಕೊಡೆ ಗುರುತಿನ ಬಾವುಟ ಕಟ್ಟಿಕೊಂಡು ಹೊರಟರು. ಬರಿಗಾಲಲ್ಲಿ.

ಹೋದ ಎಲೆಕ್ಷನ್ನಲ್ಲಿ ನಮ್ಮ ಷಣ್ಮುಖಪ್ಪ ಸಾಹೇಬ್ರು ಸೋತಾಗ, ನಮ್ಮೂರ ಓಲ್ಡ್ ಟೌನಿನ ಅಮ್ಮನ ಗುಡಿ ಮುಂದೆ ಕೊಡೆ ಪಕ್ಷದವರೆಲ್ಲ ಹರಕೆ ಹೊತ್ತರು. ಸಾಹೇಬ್ರು ಗೆಲ್ಲೋವರೆಗೆ ಒಬ್ಬ ಗಡ್ಡ ತೆಗೆಯಲ್ಲ ಅಂದ, ಇನ್ನೊಬ್ಬ ಮಾಂಸ ಮುಟ್ಟಲ್ಲ ಅಂದ. ಇವರು ಕರ್ಪೂರ ಹಚ್ಚಿ ಎಲ್ಲರಿಗಿಂತ ಜೋರಾಗಿ, "ಸಾಹೇಬ್ರು ಮಂತ್ರಿ ಆಗಿ ಗೂಟದ ಕಾರಲ್ಲಿ ಬರೋವರೆಗೆ ಯೋಗರಾಜ ಕಾಲಿಗೆ ಚಪ್ಪಲಿ ಹಾಕಲ್ಲ" ಅಂದುಬಿಟ್ಟರು. ಗೆಲ್ಲೋವರೆಗೆ ಅಂದಿದ್ದರೆ ಸಾಕಿತ್ತು. ಮಂತ್ರಿ ಅಂದರು. ಗಡ್ಡದವನು ಮದುವೆ ಗೊತ್ತಾಯ್ತು ಅಂತ ಬೋಳಿಸಿಕೊಂಡ. ಮಾಂಸದವನ ವಿಷಯ ಕೇಳೋದೇ ಬೇಡ. ಇವರು ಮಾತ್ರ ಹಾಗೇ ಉಳಿದರು.

ಸಾಹೇಬ್ರಿಗೆ ನಾನು ಕೆಟ್ಟದ್ದು ಬಯಸೋಳಲ್ಲ. ಇವರನ್ನ ಕಾರ್ಖಾನೆಯಿಂದ ಬಿಡಿಸಿದಾಗ ಆಟೋ ತಗೊಳ್ಳಕ್ಕೆ ಬ್ಯಾಂಕಲ್ಲಿ ಜಾಮೀನು ನಿಂತವರು ಅವರೇ. ಆದರೆ ಇವರಿಗೆ ಈಗ ಶುಗರ್ ಇದೆ. ಹರಕೆ ಹೊತ್ತಾಗ ಇರಲಿಲ್ಲ. ಇದು ಅಮ್ಮನಿಗೆ ಗೊತ್ತಿರುತ್ತಾ? ಗೊತ್ತಿರುತ್ತೆ. ಆದರೂ ಒಂದು ಸಲ ಹೇಳಿಬರಬೇಕು.

ಏಪ್ರಿಲ್ 19

ಟಾರು ಕುದೀತಾ ಇದೆ. ಇವರ ಬಲಗಾಲಿನ ಹೆಬ್ಬೆರಳ ಕೆಳಗೆ ಬೊಬ್ಬೆ ಎದ್ದಿದೆ. ಒತ್ತಿ ನೋಡಿದೆ. "ನೋವೇ ಇಲ್ಲ ಮಾರಾಯ್ತಿ, ಅಮ್ಮ ಕಾಯ್ತಾಳೆ" ಅಂದರು. ನೋವಿಲ್ಲ ಅಂತಾರಲ್ಲ, ಅದೇ ನಂಗೆ ಭಯ. ಮೈತ್ರಿ ವಿನೋಬನಗರದ ಕ್ಲಿನಿಕ್ಕಲ್ಲಿ ಚೀಟಿ ಬರೆಯೋ ಕೆಲಸದಲ್ಲಿದ್ದಾಳೆ. ಶುಗರಿನವರಿಗೆ ಕಾಲಲ್ಲಿ ಸ್ಪರ್ಶ ಹೋಗುತ್ತಂತೆ, ಮೊಳೆ ಚುಚ್ಚಿದರೂ ಗೊತ್ತಾಗಲ್ಲವಂತೆ, ಅವಳೇ ಹೇಳಿದ್ದು.

ಕಾಲಿಗೆ ಹತ್ತಿ ಬಟ್ಟೆ ಸುತ್ತಿ ಕಳಿಸ್ತೀನಿ ಅಂದೆ. ಬಟ್ಟೆ ಸುತ್ತಿದರೆ ಚಪ್ಪಲಿ ಹಾಕಿದ ಹಾಗಾಗುತ್ತೋ ಇಲ್ಲವೋ ಅಂತ ಇವರಿಗೆ ಅನುಮಾನ. ಇಬ್ಬರೂ ಪೂಜಾರಪ್ಪನ ಹತ್ತಿರ ಹೋದೆವು. ಅವರು ತುಂಬಾ ಹೊತ್ತು ಯೋಚನೆ ಮಾಡಿ, "ಚರ್ಮ ರಬ್ಬರು ಆಗಬಾರದು. ಬಟ್ಟೆಗೆ ಅಡ್ಡಿ ಇಲ್ಲ" ಅಂದರು. ನಾನು ಮೆಲ್ಲಗೆ, ಪೂರ್ತಿ ಬಿಡಿಸಕ್ಕೆ ದಾರಿ ಇಲ್ವಾ ಅಂತ ಕೇಳಿದೆ. "ಯಾರಿಗೋಸ್ಕರ ಹೊತ್ತನೋ ಅವರೇ ಬಂದು, ಸಾಕಪ್ಪ ಅಂತ ತಮ್ಮ ಕೈಯಾರೆ ಚಪ್ಪಲಿ ಮೆಟ್ಟಿಸಬೇಕು. ಅಮ್ಮ ಒಪ್ತಾಳೆ."

ಇವರು ದಾರಿಯಲ್ಲೇ ರೇಗಿದರು. "ಎಲೆಕ್ಷನ್ ಹೊತ್ತಲ್ಲಿ ಸಾಹೇಬ್ರ ಹತ್ತಿರ ನನ್ನ ಕಾಲಿನ ಮಾತಾಡ್ತೀಯಾ? ನಾಚಿಕೆ ಬೇಡ್ವಾ?"

ನಾಚಿಕೆ ಇದೆ. ಅದಕ್ಕೇ ನಿದ್ದೆ ಬರಲ್ಲ.

ಏಪ್ರಿಲ್ 29

ಓಲ್ಡ್ ಟೌನಲ್ಲಿ ದೊಡ್ಡ ಸಭೆ. ನಾನೂ ಹೋಗಿದ್ದೆ. ಸಾಹೇಬ್ರ ಪಿ.ಎ. ಮಲ್ಲಿಕ್ ಇವರನ್ನ ಸ್ಟೇಜ್ ಹಿಂದೆ ಕರೆದುಕೊಂಡು ಹೋಗಿ, "ಯೋಗಣ್ಣ, ಈ ಬಟ್ಟೆ ಬಿಚ್ಚು ಮಾರಾಯ, ಬರಿಗಾಲು ಕಾಣಬೇಕು" ಅಂದ. ಬೆಳಿಗ್ಗೆ ಸಂಜೆ ಬಿಡದೆ ನಾನು ಕಟ್ಟೋ ಬಟ್ಟೆ. ಅವನೇ ಬಿಚ್ಚಿ ಮೂಲೆಗೆ ಎಸೆದ.

ಸಾಹೇಬ್ರು ಇವರ ಕೈ ಹಿಡಿದು ಎತ್ತಿ ಮೈಕಲ್ಲಿ, "ನೋಡ್ರಪ್ಪ, ನನಗೋಸ್ಕರ ಇಷ್ಟು ವರ್ಷ ಬರಿಗಾಲಲ್ಲಿ ತಿರುಗಿದ ಜೀವ! ಇಂಥವರ ಋಣ ನಾನು ಹ್ಯಾಗೆ ತೀರಿಸಲಿ?" ಅಂದರು. ಶಾಲಿನಿಂದ ಕಣ್ಣು ಒರೆಸಿಕೊಂಡರು. ಜನ ಶಿಳ್ಳೆ ಹಾಕಿದರು. ನನಗೂ ಅಳು ಬಂತು. ಇವರ ಮುಖ ನೋಡಬೇಕಿತ್ತು, ಮದುವೆ ದಿನವೂ ಅಷ್ಟು ಬೆಳಗಿರಲಿಲ್ಲ. ಆಮೇಲೆ ಸಾಹೇಬ್ರ ಜೀಪಿನ ಹಿಂದೆ ಹೊಸಮನೆ ಬಡಾವಣೆವರೆಗೂ ನಡೆದರಂತೆ, ಪಟಾಕಿ ಚೂರು ತುಳಿದುಕೊಂಡು.

ಮನೆಗೆ ಬಂದಾಗ ಬೊಬ್ಬೆ ಒಡೆದಿತ್ತು. ಅದರ ತುಂಬಾ ಮಣ್ಣು.

ಪಕ್ಕದ ಮನೆ ವಿಮಲಮ್ಮ ಕಾಂಪೌಂಡ್ ಮೇಲಿಂದ, "ಏನೇ ಪುಷ್ಪಾ, ನಿಮ್ಮೆಜಮಾನ್ರು ಕಾಲು ತೋರ್ಸಿ ಓಟು ಕೇಳ್ತಿದಾರಂತೆ?" ಅಂದಳು. ಅವರು ತಕ್ಕಡಿ ಪಕ್ಷ. ಅವಳ ಮಗ ಭೀಮೇಶ ಆ ಕಡೆ ಯುವ ಘಟಕವಂತೆ. "ನಿಮ್ಮೋರಿಗೆ ತೋರ್ಸಕ್ಕೆ ಏನೂ ಇಲ್ವಲ್ಲ" ಅಂತ ಅಂದುಬಿಟ್ಟೆ. ಅಂದಮೇಲೆ ಅಷ್ಟು ಅನ್ನಬಾರದಿತ್ತು ಅಂತ ಊಟ ಸೇರಲಿಲ್ಲ.

ಮೇ 10

ಓಟು ಆಯ್ತು. ಇವರು ಹೇಳಿದ ಹಾಗೇ ಕೊಡೆಗೆ ಒತ್ತಿದೆ, ಪ್ರತಿ ಸಲದ ಹಾಗೆ. ಶಬ್ದ ಬಂತೋ ಇಲ್ಲವೋ ಅಂತ ಅನುಮಾನವಾಗಿ ಅಲ್ಲೇ ನಿಂತಿದ್ದೆ. ಪೊಲೀಸಿನವನು "ಆಯ್ತಮ್ಮ, ನಡೀರಿ" ಅಂದ.

ಗಾಯದಿಂದ ವಾಸನೆ ಬರ್ತಿದೆ. ಊದುಬತ್ತಿ ಹಚ್ಚಿಟ್ಟೆ.

ಮೇ 13

ಗೆದ್ದರು! ಸಾಹೇಬ್ರು ಗೆದ್ದರು. ಕೊಡೆ ಪಕ್ಷಕ್ಕೇ ಸರ್ಕಾರ, ಸ್ವಲ್ಪದರಲ್ಲೇ ಆದರೂ ಸರ್ಕಾರ ಸರ್ಕಾರವೇ. ಇವರು ಗುಲಾಲು ಬಳಕೊಂಡು ಬಂದು ನನ್ನ ಕೆನ್ನೆಗೂ ಬಳಿದರು, ಈ ವಯಸ್ಸಲ್ಲಿ. ಮೈತ್ರಿ ಶುಗರಿನವರ ಮೆತ್ತನೆ ಚಪ್ಪಲಿ ತಂದಿದ್ದಾಳೆ. "ಇನ್ನು ಹಾಕ್ಕೊಳಪ್ಪ, ಗೆದ್ರಲ್ಲ."

"ಮಂತ್ರಿ ಅಂದಿದ್ದೆ ನಾನು. ಎಮ್ಮೆಲ್ಲೆ ಅನ್ನಲಿಲ್ಲ."

"ಅಪ್ಪ, ದೇವರೇನು ಲಾಯರ್ ಇಟ್ಕೊಂಡಿದಾಳಾ, ಒಂದೊಂದು ಪದ ಹಿಡಿಯಕ್ಕೆ?"

ಇವರು ನಕ್ಕರು. "ಇನ್ನೊಂದು ವಾರ ಮಗಳೇ. ಈ ಸಲ ಗ್ಯಾರಂಟಿ."

ಮೇ 29

ಮಂತ್ರಿಗಳ ಹೆಸರು ಟಿ.ವಿ.ಯಲ್ಲಿ ಬಂತು. ಸಾಹೇಬ್ರ ಹೆಸರು ಇಲ್ಲ. ಇವರು ಅನ್ನದ ತಟ್ಟೆ ಮುಂದೆ ಹಾಗೇ ಕೂತಿದ್ದರು, ಕೈ ಒಣಗೋವರೆಗೆ.

ನಾನು ಇವರಿಗೆ ಹೇಳದೆ ಸಾಹೇಬ್ರ ಮನೆಗೆ ಹೋದೆ. ಹೋಗೋವಾಗ ಎರಡು ಸಲ ವಾಪಸ್ ಬಂದೆ. ಒಂದು ಸಲ ಗ್ಯಾಸ್ ಆರಿಸಿದ್ದೀನಾ ಅಂತ, ಇನ್ನೊಂದು ಸಲ ಸುಮ್ಮನೆ. ಚಪ್ಪಲಿ ಸೆರಗಿನ ಕೆಳಗಿತ್ತು. ಒಳಗೆ ಬಿಟ್ಟರು. ಹೇಳಬೇಕಾದ್ದು ಎಲ್ಲ ಹೇಳಿದೆ: ನೀವು ಒಂದು ಸಲ ಬಂದು ಕೈಯಾರೆ ಮೆಟ್ಟಿಸಿದರೆ ಸಾಕು, ಅಮ್ಮ ಒಪ್ತಾಳಂತೆ, ಗಾಯ ಕೆಟ್ಟಿದೆ.

ಸಾಹೇಬ್ರು ಸಿಟ್ಟಾಗಲಿಲ್ಲ. ಕುರ್ಚಿ ಕೊಡಿಸಿದರು, ಕಾಫಿ ಕೊಡಿಸಿದರು. "ಅಮ್ಮಾ, ಅವನ ಕಾಲು ನನ್ನ ಕಾಲು ಅನ್ಕೋ. ಹೈಕಮಾಂಡಿಗೆ ಅವನ ಫೋಟೋನೇ ಕಳಿಸಿದೀನಿ, ನನ್ನ ಜನ ಹ್ಯಾಗಿದ್ದಾರೆ ನೋಡಿ ಅಂತ. ಈಗ ನಾನೇ ಚಪ್ಪಲಿ ಹಾಕಿಸಿದರೆ ಷಣ್ಮುಖಪ್ಪ ಕೈ ಚೆಲ್ಲಿದ ಅಂತ ಆಗಲ್ವಾ? ವಿಸ್ತರಣೆ ಆಗುತ್ತೆ. ಇನ್ನು ಸ್ವಲ್ಪ ದಿನ ತಡ್ಕೊ ತಾಯಿ."

ಹೊರಗೆ ಮಲ್ಲಿಕ್, "ಆವತ್ತು ಸ್ಟೇಜ್ ಮೇಲೆ ಸಾಹೇಬ್ರೇ ಹಾಕ್ತಾರಕ್ಕ, ಬೆಳ್ಳಿ ಚಪ್ಪಲಿ" ಅಂದ.

ಸರಿ ಅಂತ ಬಂದೆ. ಷಣ್ಮುಖಪ್ಪನವರು ಹೇಳೋದೂ ಒಂದು ರೀತಿ ಸರಿ ಇರಬಹುದು. ಕಾಫಿ ಮಾತ್ರ ಗಂಟಲಲ್ಲೇ ನಿಂತಿದೆ.

ಜೂನ್ 9

ಜ್ವರ. ಹೆಬ್ಬೆರಳು ಕಪ್ಪಾಗಿದೆ. ಪಕ್ಕದ ಬೆರಳೂ. ಮೈತ್ರಿ ಕಾರು ಮಾಡಿಕೊಂಡು ಬಂದು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದಳು. ಡಾಕ್ಟರು ನನ್ನ ಕಡೆ ನೋಡಿ, "ಇಷ್ಟು ದಿನ ಏನಮ್ಮ ಮಾಡ್ತಿದ್ರಿ?" ಅಂದರು.

ಏನು ಹೇಳಲಿ. ಮಂತ್ರಿಮಂಡಲ ವಿಸ್ತರಣೆ ಕಾಯ್ತಿದ್ವಿ ಅಂತ ಹೇಳಲಾ?

ಜೂನ್ 11

ಮೊಣಕಾಲ ಕೆಳಗೆ ತೆಗೆದರು.

ಜೂನ್ 14

ಸಹಿ ಹಾಕಿದ್ದು ನಾನು. ಇವರಿಗೆ ಎಚ್ಚರ ಬಂದಾಗ ಮೊದಲು ಕೇಳಿದ್ದು, "ಸಾಹೇಬ್ರಿಗೆ ಹೇಳಿದ್ರಾ?" ಅಂತ. ಮಲ್ಲಿಕ್‌ಗೆ ಮೈತ್ರಿ ಫೋನ್ ಮಾಡಿದ್ದಳು. ಷಣ್ಮುಖಪ್ಪನವರು ಬೆಂಗಳೂರಲ್ಲಿದ್ದಾರಂತೆ. ಹಣ್ಣಿನ ಬುಟ್ಟಿ ಬಂತು. ಶುಗರಿನವರಿಗೆ ಸಪೋಟ, ಬಾಳೆಹಣ್ಣು. ವಾರ್ಡಿನಲ್ಲಿ ಹಂಚಿದೆ.

ಜೂನ್ 30

ಮನೆಗೆ ಬಂದಿದ್ದೀವಿ. ಮಧ್ಯಾಹ್ನ ಇವರು ಇದ್ದಕ್ಕಿದ್ದ ಹಾಗೆ ಹಲ್ಲು ಕಚ್ಚಿಕೊಂಡು, "ಪುಷ್ಪಾ, ಬಲಗಾಲು ಸುಡ್ತಿದೆ ಕಣೆ, ಟಾರಿನ ಮೇಲೆ ನಿಂತ ಹಾಗೆ" ಅಂದರು. ಎಡಗಾಲು ಹಿಡಿದೆ. "ಅದಲ್ಲ, ಬಲಗಾಲು." ಬಲಗಡೆ ಹಾಸಿಗೆ ಮೇಲೆ ಏನೂ ಇಲ್ಲ. ಕೆಲವರಿಗೆ ಹಾಗೆ ಆಗುತ್ತೆ ಅಂತ ಮೈತ್ರಿ ಹೇಳಿದ್ದಳು. ಏನು ಮಾಡಬೇಕು ಅಂತ ತೋಚದೆ, ಅಲ್ಲಿ ಖಾಲಿ ಜಾಗದಲ್ಲಿ ಬೀಸಣಿಗೆಯಿಂದ ಗಾಳಿ ಹಾಕಿದೆ. "ಈಗ ವಾಸಿ" ಅಂದರು.

ವಿಮಲಮ್ಮ ಮುದ್ದೆ, ಸೊಪ್ಪಿನ ಸಾರು ತಂದಿದ್ದಳು. ಒಂದೂ ಚುಚ್ಚುಮಾತಾಡಲಿಲ್ಲ. ಅವಳು ಸುಮ್ಮನಿದ್ದರೆ ಇನ್ನೂ ಕಷ್ಟ.

ಜುಲೈ 22

ಷಣ್ಮುಖಪ್ಪ ರಾಜೀನಾಮೆ ಕೊಟ್ಟಿದ್ದಾರೆ. ಇನ್ನಷ್ಟು ಶಾಸಕರ ಜತೆ ಎಲ್ಲೋ ರೆಸಾರ್ಟಲ್ಲಿದ್ದಾರಂತೆ. ಟಿ.ವಿ.ಯಲ್ಲಿ ಈಜುಕೊಳದ ಪಕ್ಕ ಚಡ್ಡಿಯಲ್ಲಿ ಕೂತಿದ್ದು ತೋರಿಸಿದರು. ಸರ್ಕಾರ ಬೀಳುತ್ತಂತೆ, ತಕ್ಕಡಿಯವರು ಬರ್ತಾರಂತೆ.

ಇವರು ನಂಬಲಿಲ್ಲ. "ಏನೋ ಲೆಕ್ಕಾಚಾರ ಇರುತ್ತೆ ಸಾಹೇಬ್ರದ್ದು."

"ಇಷ್ಟು ವರ್ಷ ತಕ್ಕಡಿಯವರನ್ನ ಕಳ್ಳರು ಅಂತ ನೀವೇ ಮೈಕಲ್ಲಿ ಕೂಗಿದ್ರಲ್ಲ" ಅಂದೆ.

"ಪಕ್ಷ ಅನ್ನೋದು ಬಸ್ಸು ಇದ್ದ ಹಾಗೆ. ನಮಗೆ ಊರು ಮುಟ್ಟೋದು ಮುಖ್ಯ."

ಮೊದಲಾಗಿದ್ದರೆ ಹೂಂ ಅಂತಿದ್ದೆ. ಇವತ್ತು ಎದ್ದು ಹೋಗಿ ಹೊಲಿಗೆ ಮಿಷನ್ ಮುಂದೆ ಕೂತೆ.

ಆಗಸ್ಟ್ 20

ಆದರು. ಮಂತ್ರಿ ಆದರು. ತಕ್ಕಡಿ ಸರ್ಕಾರದಲ್ಲಿ. ಆರು ತಿಂಗಳೊಳಗೆ ಮತ್ತೆ ಎಲೆಕ್ಷನ್ ನಿಂತು ಗೆಲ್ಲಬೇಕಂತೆ.

ಇವರು ಗೋಡೆ ಹಿಡಿದು ಎದ್ದು ನಿಂತು ಟಿ.ವಿ.ಗೆ ಕೈ ಮುಗಿದರು. ಬೀಳ್ತಾರೆ ಅಂತ ನಾನು ಸೊಂಟ ಹಿಡಿದುಕೊಂಡಿದ್ದೆ. ಪ್ರಮಾಣವಚನ ಮುಗಿಯೋವರೆಗೂ ಹಾಗೇ ಹಿಡಿದುಕೊಂಡಿದ್ದೆ.

ಸೆಪ್ಟೆಂಬರ್ 7

ಬರೆಯೋದು ಬೇಡ ಅನ್ಕೊಂಡಿದ್ದೆ. ಬರೀತೀನಿ.

ಶಿವಮೊಗ್ಗದಲ್ಲಿ ಮಂತ್ರಿಗಳಿಗೆ ಸನ್ಮಾನ. ಮಲ್ಲಿಕ್ ಹೊಸ ಪಕ್ಷದ ಶಾಲು ಹಾಕಿಕೊಂಡು ಕಾರು ಕಳಿಸಿದ್ದ. ಇವರು ಬೆಳಿಗ್ಗೆಯೇ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಕೂತಿದ್ದರು. ಎಡಗಾಲನ್ನ ಸೋಪು ಹಾಕಿ ತಿಕ್ಕಿಸಿಕೊಂಡರು, ಉಗುರು ತೆಗೆಸಿಕೊಂಡರು. "ಸಾಹೇಬ್ರು ಮುಟ್ತಾರೆ, ಚೆನ್ನಾಗಿರಬೇಕು."

ಅಲ್ಲಿಗೆ ಹೋದರೆ ಮಲ್ಲಿಕ್ ಇವರನ್ನ ಮೇಲಿಂದ ಕೆಳಗೆ ನೋಡಿದ. "ಅಣ್ಣಾ, ಸ್ಟೇಜಿಗೆ ಮೆಟ್ಲು ಜಾಸ್ತಿ. ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಸಾಹೇಬ್ರೇ ಕೆಳಗೆ ಬರ್ತಾರೆ" ಅಂದ. ಆಮೇಲೆ ಆ ಕಡೆ ತಿರುಗಿ ಯಾರಿಗೋ, "ಮೊದಲನೇ ಫಂಕ್ಷನ್ನು ಕಣಯ್ಯ, ಇದನ್ನ ಸ್ಟೇಜ್ ಮೇಲೆ ಹತ್ತಿಸಿದರೆ ಅಪಶಕುನ ಅನ್ನಲ್ವಾ ಜನ?" ಅಂದಿದ್ದು ನನ್ನ ಕಿವಿಗೆ ಬಿತ್ತು. ಇವರ ಕಿವಿಗೆ ಬೀಳಲಿಲ್ಲ. ಬಿದ್ದಿರಬಹುದು.

ಗೂಟದ ಕಾರು ಬಂತು. ಹಾರ, ಭಾಷಣ. ಆಮೇಲೆ ಮೈಕಲ್ಲಿ, "ಮಾನ್ಯ ಮಂತ್ರಿಗಳಿಗಾಗಿ ಬರಿಗಾಲ ವ್ರತ ಹಿಡಿದ ಅಭಿಮಾನಿಗೆ ಈಗ ಮಂತ್ರಿಗಳೇ ಪಾದರಕ್ಷೆ ತೊಡಿಸ್ತಾರೆ!" ಅಂದರು. ಇವರು ಊರುಗೋಲು ಎಳೆದುಕೊಂಡು ಏಳಕ್ಕೆ ಹೊರಟರು. ಸ್ಟೇಜ್ ಮೇಲೆ ಭೀಮೇಶ ಬಂದ. ನಮ್ಮ ವಿಮಲಮ್ಮನ ಮಗ. ನಿನ್ನೆ ಸಂಜೆ ನಮ್ಮ ಮನೆ ಮುಂದೆ ಬೂಟು ಹಾಕಿಕೊಂಡು ಬೈಕ್ ಒದೀತಿದ್ದ ಹುಡುಗ. ಗಟ್ಟಿಮುಟ್ಟಾದ ಎರಡು ಕಾಲು. ಆ ಷಣ್ಮುಖಪ್ಪ ಮಂಡಿಯೂರಿ ಭೀಮೇಶನ ಕಾಲಿಗೆ ಬೆಳ್ಳಿ ಬಣ್ಣದ ಚಪ್ಪಲಿ ಹಾಕಿದ. ಫೋಟೋ, ಫೋಟೋ, ಫೋಟೋ.

ಇವರು ಅರ್ಧ ಎದ್ದವರು ಹಾಗೇ ನಿಂತಿದ್ದರು. ಆಮೇಲೆ ಕೂತುಕೊಂಡು, ಊರುಗೋಲನ್ನ ನನ್ನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು. ಎಲ್ಲರೂ ನಿಲ್ಲಿಸಿದ ಮೇಲೂ ತಟ್ತಾ ಇದ್ದರು.

ಕಾರಲ್ಲಿ ಬರೋವಾಗ, "ಯಾರಿಗೆ ಹಾಕಿದರೇನು. ಮಂತ್ರಿ ಆದರಲ್ಲ, ಗೂಟದ ಕಾರು ಕಣ್ಣಾರೆ ನೋಡಿದೆವಲ್ಲ. ಹರಕೆ ತೀರ್ತು" ಅಂದರು. ಕಿಟಕಿ ಕಡೆ ಮುಖ ಮಾಡಿಕೊಂಡು.

ಸೆಪ್ಟೆಂಬರ್ 8

ಮೈತ್ರಿ ಬಂದು ಇವರ ಎಡಗಾಲಿಗೆ, ಗೆದ್ದ ದಿನ ತಾನು ತಂದಿದ್ದ ಪಟ್ಟಿ ಇರೋ ಮೆತ್ತನೆ ಚಪ್ಪಲಿ ಹಾಕಿ ಹಿಂದೆ ಬಿಗಿ ಮಾಡಿದಳು. ಈ ಕಾಲಾದರೂ ಉಳೀಬೇಕು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ, ಇದಕ್ಕೂ ಸ್ಪರ್ಶ ಕಮ್ಮಿ. ಮನೆಯೊಳಗೂ ಬಿಚ್ಚೋ ಹಾಗಿಲ್ಲ. ಇವರಿಗೆ ಬಗ್ಗಕ್ಕೆ ಆಗಲ್ಲ, ಹಾಕೋದು ತೆಗೆಯೋದು ನನ್ನ ಕೆಲಸ.

ಜೋಡಿಯಲ್ಲಿ ಬಲಗಾಲಿಂದು ಏನು ಮಾಡಲಿ ಅಂತ ಕೇಳಿದೆ. ಮೈತ್ರಿ ಅದನ್ನ ಪೇಪರಲ್ಲಿ ಸುತ್ತಿ ಬೀರು ಮೇಲಿಟ್ಟಳು.

ಸಂಜೆ ವಿಮಲಮ್ಮ ಹಿತ್ತಲ ಬಾಗಿಲಿಗೆ ಬಂದು ಅತ್ತಳು. "ಹೋಗ್ಬೇಡ್ವೋ, ಅದು ಯೋಗಣ್ಣನ ಪಾಲಿನದ್ದು ಅಂತ ಬಡ್ಕೊಂಡೆ ಕಣೆ. ಏನೋ ಪೋಸ್ಟು ಕೊಡ್ತಾರಂತೆ."

"ಹೋಗ್ಲಿ ಬಿಡಕ್ಕ" ಅಂದೆ. ಅಷ್ಟೇ.

ಡಿಸೆಂಬರ್ 5

ಮತ್ತೆ ಓಟು. ತಕ್ಕಡಿ ಶಾಲಿನವರು ಕಾರು ತಂದು ಇವರನ್ನ ಎತ್ತಿ ಕೂರಿಸಿಕೊಂಡರು. ದಾರಿ ಪೂರ್ತಿ ಇವರದ್ದು ಪಾಠ. "ಮರೀಬೇಡ ಪುಷ್ಪಾ, ಈ ಸಲ ತಕ್ಕಡಿ. ಕೊಡೆ ಅಲ್ಲ. ಅಭ್ಯಾಸದಲ್ಲಿ ಒತ್ತಿಬಿಟ್ಟೀಯ."

ಒಳಗೆ ಹೋದೆ. ಮದುವೆಯಾದಾಗಿನಿಂದ ಕೊಡೆಗೆ ಒತ್ತಿದ ಬೆರಳು. ಅದು ಎಲ್ಲಿಗೆ ಹೋಯ್ತೋ ಅಲ್ಲಿಗೆ ಬಿಟ್ಟೆ. ಶಬ್ದ ಬಂತು. ಹಿಂದೆ ತಿರುಗಿ ನೋಡದೆ ಬಂದೆ.

"ಹಾಕಿದ್ಯಾ?"

"ಹಾಕಿದೆ."

"ಸಾಹೇಬ್ರಿಗೆ ತಾನೆ?"

"ಹೂಂ."

ಮನೆಗೆ ಬಂದು ಹೊಟ್ಟೆ ತುಂಬಾ ಊಟ ಮಾಡಿ ಮಲಗಿದೆ. ಎಷ್ಟೋ ದಿನದ ಮೇಲೆ ನಿದ್ದೆ ಬಂತು. ಹವಾ ಬದಲಾಗಿರಬೇಕು.

ಡಿಸೆಂಬರ್ 9

ಅವನು ಸೋತ.

ಶಿವಮೊಗ್ಗದಲ್ಲಿ ಎಣಿಕೆ. ಟಿ.ವಿ.ಯಲ್ಲಿ ಬೆಳಿಗ್ಗೆಯೆಲ್ಲ ಮುಂದೆ ಹಿಂದೆ ಅಂತಿದ್ದರು, ಕಡೆಗೆ ಸ್ವಲ್ಪದರಲ್ಲಿ ಹೋಯ್ತು. ಹಳೇ ತಕ್ಕಡಿಯವರೇ ಕೈ ಕೊಟ್ಟರಂತೆ. ಬೀದಿಯಲ್ಲಿ ಕೊಡೆಯವರು ಪಟಾಕಿ ಹೊಡೀತಿದ್ದಾರೆ. ಮಂತ್ರಿಗಿರಿ ಬಿಡಬೇಕಂತೆ.

ನನಗೆ ಖುಷಿ ಆಗುತ್ತೆ ಅನ್ಕೊಂಡಿದ್ದೆ.

ಇವರು ಟಿ.ವಿ. ಆರಿಸು ಅಂದರು. ಅಮ್ಮನ ಫೋಟೋ ಇಳಿಸಿಕೊಡು ಅಂದರು. ಇಳಿಸಿಕೊಟ್ಟೆ. ಮಂಚದ ಮೇಲೇ ಎದುರಿಗೆ ಇಟ್ಟುಕೊಂಡು ಕರ್ಪೂರ ಹಚ್ಚಿದರು. ಬೇಜಾರಿಗೆ ಪೂಜೆ ಮಾಡ್ತಿದ್ದಾರೆ ಅಂತ ನಾನು ಕೈ ಮುಗಿದು ನಿಂತಿದ್ದೆ.

"ಅಮ್ಮಾ, ಸಾಹೇಬ್ರು ಮತ್ತೆ ಗೆಲ್ಲೋವರೆಗೆ..." ಅಂದರು.

ಈ ಸಲ ಗೆಲ್ಲೋವರೆಗೆ ಅಂತಷ್ಟೇ ಅಂದರು. ಮಂತ್ರಿ ಅನ್ನಲಿಲ್ಲ. ಅಷ್ಟು ಬುದ್ಧಿ ಕಲಿತಿದ್ದಾರೆ. ಉಳಿದಿದ್ದು ಕೇಳಿಸಿಕೊಳ್ಳಕ್ಕೆ ಆಗಲಿಲ್ಲ, ಆದರೂ ಕೇಳಿಸ್ತು.

ಆಮೇಲೆ ಎಡಗಾಲು ಮುಂದೆ ಚಾಚಿ, "ತೆಗಿ ಪುಷ್ಪಾ" ಅಂದರು.

ಇನ್ನೊಂದು ಕಾಲಿದ್ದಿದ್ದರೆ ಅದರಲ್ಲೇ ಒದ್ದು ಬಿಚ್ಚುತ್ತಿದ್ದರು. ನನ್ನನ್ನ ಕೇಳ್ತಿರಲಿಲ್ಲ.

"ಕೇಳಿಸ್ತಾ ಮಾರಾಯ್ತಿ? ಕರ್ಪೂರ ಆರೋದರೊಳಗೆ ತೆಗೀಬೇಕು."

"ಕೇಳಿಸ್ತು" ಅಂದೆ. ನಿಂತಲ್ಲೇ ನಿಂತೆ. ಕರ್ಪೂರ ಆರಿತು.

"ಅಮ್ಮನ ಎದುರಿಗೆ ಮಾತು ಕೊಟ್ಟಿದೀನಿ ಕಣೆ."

"ನೀವು ಕೊಟ್ಟಿದೀರಿ. ನಾನು ಕೊಟ್ಟಿಲ್ಲ."

ನನ್ನ ಬಾಯಿಂದ ಹ್ಯಾಗೆ ಬಂತೋ ಗೊತ್ತಿಲ್ಲ. ಕೈ ಎರಡನ್ನೂ ಸೆರಗಲ್ಲಿ ಸುತ್ತಿಕೊಂಡೆ.

ಇದನ್ನ ಬರೆಯೋ ಹೊತ್ತಿಗೆ ಮಧ್ಯಾಹ್ನ ಆಗಿದೆ. ಇವರು ಕಾಲು ಚಾಚಿಕೊಂಡೇ ಕೂತಿದ್ದಾರೆ. ಒಂದೆರಡು ಸಲ ಬಗ್ಗಕ್ಕೆ ನೋಡಿದರು, ಆಗಲಿಲ್ಲ. ಕಣ್ಣಲ್ಲಿ ನೀರು ಇಳೀತಿದೆ, ಒರೆಸಿಕೊಳ್ತಿಲ್ಲ. ನಾನೂ ಅಷ್ಟೇ. ಅನ್ನ ಆಗಿದೆ, ಮಾತ್ರೆ ನುಂಗೋ ಹೊತ್ತಾಗಿದೆ, ತಟ್ಟೆ ಹಾಕಬೇಕು. ತಟ್ಟೆ ಇಡಕ್ಕೆ ಹತ್ತಿರ ಹೋದರೆ ಮತ್ತೆ ಕಾಲು ಮುಂದೆ ಮಾಡ್ತಾರೆ.